ಮುಚ್ಚಳಕ್ಕೂ ಹೆಸರು

“ಕೈ ತೆಗೀರಿ ಆಂಟಿ.”

ಗುರುದೇವಿ ತೆಗೆಯಲಿಲ್ಲ. ಸ್ಕ್ರೂಡ್ರೈವರಿನ ತುದಿ ಆಗಲೇ ಯಂತ್ರದ ಹಿಂಬಾಗಿಲಿನ ಮೊದಲ ಸ್ಕ್ರೂವಿನಲ್ಲಿ ಕೂತಿತ್ತು. ಅರ್ಧ ಸುತ್ತು ತಿರುಗಿಸಿದಳು. ಕೇಶವ್ ತನ್ನ ಅಂಗೈಯನ್ನು ಬಾಗಿಲ ಮೇಲೆ ಊರಿದ. ಅವನ ಕಿರುಬೆರಳು ಸ್ಕ್ರೂವಿಗೆ ಅಡ್ಡ ಬಂತು. ಅವಳು ಬೆರಳಿನ ಪಕ್ಕದಿಂದಲೇ ಇನ್ನರ್ಧ ಸುತ್ತು ತಿರುಗಿಸಿದಳು.

“ಇದು ಸೋಲ್ಡ್. ಸುರೇಶ್ ಅಂಕಲ್ ತಗೊಂಡಿದಾರೆ. ಬೇರೆಯವರ ಪ್ರಾಪರ್ಟಿ ಮುಟ್ತಾ ಇದೀರ ನೀವು.”

“ಚೆಕ್ ಕೊಟ್ಟಾರೇನು?”

“ಬರೀತಾ ಇದಾರೆ.”

“ಹಂಗಾರ ಇನ್ನೂ ನಿಂದ. ನಿನ್ನ ಮಾಲು ನೋಡಾಕ ಬಂದ ಗಿರಾಕಿ ನಾನು. ಬೆರಳ ತಗಿ, ಚುಚ್ಚೀತು.”

ಮೇಜಿನ ಆ ಬದಿಯಲ್ಲಿ ಪ್ಲೇನ್‌ಫೀಲ್ಡ್ ಊರಿನ ಹೃದ್ರೋಗದ ಡಾಕ್ಟರ್ ಸುರೇಶ್, ಚೆಕ್‌ಬುಕ್ ತೆರೆದು, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದ. ಬರೆಯಬೇಕೋ ಬೇಡವೋ ತಿಳಿಯದೆ ತಾರೀಖನ್ನು ಮಾತ್ರ ಬರೆದ.

ಶಿಕಾಗೋದ ಪಶ್ಚಿಮಕ್ಕಿರುವ ಈ ಫೇರ್‌ಗ್ರೌಂಡಿನ ತಗಡಿನ ಹಾಲ್‌ನಲ್ಲಿ ಹಳೆಯ ನಾಣ್ಯಯಂತ್ರಗಳ ವ್ಯಾಪಾರಿಗಳು ವರ್ಷಕ್ಕೆ ಎರಡು ಸಲ ಸೇರುತ್ತಾರೆ. ಪೆನ್ನಿ ಹಾಕಿದರೆ ತೂಕ ಹೇಳುವ ಯಂತ್ರ, ಶೇಂಗಾ ಉದುರಿಸುವ ಯಂತ್ರ, ಭವಿಷ್ಯದ ಚೀಟಿ ಉಗುಳುವ ಯಂತ್ರ, ಹಿಡಿಯನ್ನು ಹಿಂಡಿದವನ ಕೈಬಲ ಅಳೆದು ಎಲ್ಲರೆದುರು ಅವಮಾನ ಮಾಡುವ ಯಂತ್ರ. ಎಲ್ಲವೂ ನೂರು ವರ್ಷ ದಾಟಿದವು, ಅಥವಾ ದಾಟಿದ್ದೇವೆಂದು ಹೇಳಿಕೊಳ್ಳುವವು. ಕೇಶವ್‌ನ ಮೇಜಿನ ಮೇಲಿದ್ದದ್ದು ‘ಪೀಕಾಕ್’. ಮೊಣಕಾಲೆತ್ತರದ ಕಬ್ಬಿಣದ ಪೆಟ್ಟಿಗೆ, ಮುಂದುಗಡೆ ಬಾಲ ಬಿಚ್ಚಿದ ನವಿಲು. ನಾಣ್ಯ ಹಾಕಿ ಹಿಡಿಕೆ ಎಳೆದರೆ ಬಾಲದ ಹಿಂದೆ ಬಣ್ಣದ ಚಕ್ರವೊಂದು ತಿರುಗಿ, ನೀವು ಹಣ ಕಟ್ಟಿದ ಬಣ್ಣವೊಂದನ್ನು ಬಿಟ್ಟು ಬೇರೆ ಯಾವುದರಲ್ಲಾದರೂ ನಿಲ್ಲುತ್ತದೆ. 1904ರಲ್ಲಿ ಡೆಟ್ರಾಯಿಟ್‌ನಲ್ಲಿ ತಯಾರಾದದ್ದು. ಹನ್ನೊಂದೇ ಉಳಿದಿವೆ ಎಂದು ಪ್ರತೀತಿ. ಮೇಜಿನಂಚಿಗೆ ಕಾರ್ಡು ಆನಿಸಿಟ್ಟಿತ್ತು: ‘ಸಂಪೂರ್ಣ ಅಸಲಿ.’

“ಈ ನವಿಲು ನಂದು,” ಎಂದಳು ಗುರುದೇವಿ. “ಮೂರನೇ ಗರಿ ಕಣ್ಣಾಗ ಉಸುಕಿನ ಹಳ್ಳ ಐತಿ ನೋಡು. ಎರಕ ಹೊಯ್ಯೂ ಮುಂದ ಬಿದ್ದದ್ದು. ಪೇಪರಿನ್ಯಾಗ ಫೋಟೋ ನೋಡಿದ ಕೂಡ್ಲೆ ಗುರ್ತಾತು.”

“ಆಂಟಿ, ನೂರಿಪ್ಪತ್ತು ವರ್ಷದ ಹಿಂದೇನೂ ಮರಳಲ್ಲೇ ಎರಕ ಹೊಯ್ತಿದ್ರು. ಆಗ್ಲೂ ಹಳ್ಳ ಬೀಳ್ತಿತ್ತು. ಗೂಗಲ್ ಮಾಡಿ.”

ಇಷ್ಟನ್ನು ಕನ್ನಡದಲ್ಲಿ ಹೇಳಿ, ಸುತ್ತ ಸೇರುತ್ತಿದ್ದ ವ್ಯಾಪಾರಿಗಳಿಗಾಗಿ ಕೇಶವ್ ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದ. ಇಂಗ್ಲಿಷಿನಲ್ಲಿ ಅದು ಇನ್ನಷ್ಟು ನಗೆ ತರಿಸುವಂತಿತ್ತು. ನಕ್ಕರು.

ಗುರುದೇವಿಗೆ ಅರವತ್ತೊಂದು. ಗದಗಿನ ಪಕ್ಕದ ಬೆಟಗೇರಿಯವಳು. ಇಪ್ಪತ್ತೇಳು ವರ್ಷ ಡೆಟ್ರಾಯಿಟ್‌ನ ಕಾರ್ಖಾನೆಯೊಂದರಲ್ಲಿ ಎರಕದ ಮಾದರಿ ತಯಾರಿಸುವ ಇಂಜಿನಿಯರ್ ಆಗಿದ್ದು ನಿವೃತ್ತಳಾದವಳು. ಹಳೆಯ ಯಂತ್ರಗಳಿಗೆ ಮುರಿದ ಕಾಲು, ಕಳೆದ ಬಾಗಿಲು, ಸೀಳಿದ ಮೈ ಹೊಸದಾಗಿ ಮಾಡಿಕೊಡುವ ಕೆಲಸ ಹತ್ತೊಂಬತ್ತು ವರ್ಷಗಳಿಂದ. ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್‌ನ ಮನೆಯ ಗ್ಯಾರೇಜಿನಲ್ಲಿ ಮರದ ಮಾದರಿ ಕೆತ್ತುತ್ತಾಳೆ. ಕಬ್ಬಿಣ ಹೊಯ್ಯುವುದು ಟೊಲೀಡೋ ದಾರಿಯ ಸಣ್ಣ ಫೌಂಡ್ರಿಯಲ್ಲಿ. ಅಸಲಿಯನ್ನೇ ಅಚ್ಚಿಗಿಟ್ಟು ನಕಲಿ ಹೊಯ್ಯುವವರದು ಆರಿದ ಮೇಲೆ ನೂರಕ್ಕೊಂದು ಪಾಲು ಕುಗ್ಗಿರುತ್ತದೆ. ಕಳ್ಳರು ಸಿಕ್ಕಿಬೀಳುವುದೇ ಹಾಗೆ, ಅಳತೆಪಟ್ಟಿ ಹಿಡಿದರೆ ಸಾಕು. ಗುರುದೇವಿ ಆ ಒಂದು ಪಾಲನ್ನು ಮಾದರಿಯಲ್ಲೇ ಸೇರಿಸಿ ಕೆತ್ತುತ್ತಿದ್ದಳು. ಅವಳ ಕೆಲಸ ಅಷ್ಟು ಚೆನ್ನಾಗಿತ್ತು ಎನ್ನುವುದೇ ಅವಳ ತೊಂದರೆ. ಅಸಲಿಗೂ ಅವಳದಕ್ಕೂ ಉಳಿದಿದ್ದ ವ್ಯತ್ಯಾಸ ಒಂದೇ: ಮಾಡಿದ ಪ್ರತಿಯೊಂದರ ಒಳತಳದಲ್ಲೂ ಅವಳು ಪಂಚು ಹಿಡಿದು, ಚುಕ್ಕಿ ಚುಕ್ಕಿಯಾಗಿ, ಪಾತ್ರೆ ಅಂಗಡಿಯಲ್ಲಿ ಹಾಕಿಸುತ್ತಾರಲ್ಲ ಹಾಗೆ, ತನ್ನ ಹೆಸರು ಹಾಕುತ್ತಿದ್ದಳು.

“ಬಾಗಲಾ ತಗದ್ರ ತಳದಾಗ ಹೆಸರೈತಿ,” ಎಂದಳು. “ಟೊಲೀಡೋದ ರಾಲ್ಫ್ ಮುದುಕನ ಹತ್ರ ಬರೇ ಒಳಗಿನ ಚಕ್ರ ಅಷ್ಟ ಇತ್ತು. ಮೈಯೆಲ್ಲಾ ನಾನ ಮಾಡಿಕೊಟ್ಟೆ. ಎರಡು ಸಾವಿರದ ಹತ್ತೊಂಬತ್ತರಾಗ. ಅಂವ ಸತ್ತ. ಮಕ್ಕಳು ಸಾಮಾನು ಮಾರಿದ್ರು. ನೀ ತಗೊಂಡಿ. ಇಷ್ಟ ಕತಿ.”

“ಎಸ್ಟೇಟ್ ಸೇಲ್‌ನಲ್ಲಿ ತಗೊಂಡೆ, ಹೌದು. ಅದು ಕ್ರೈಮಾ?”

“ತಗೊಂಡದ್ದಲ್ಲ.”

ಗುಂಪಿನ ಹಿಂದಿನಿಂದ ಗುರುದೇವಿಯ ಗಂಡ ಶರಣಪ್ಪ ಕೂಗಿದ, “ಏ ಗುರುದೇವಿ, ಆ ಮುದುಕಿ ಬರಾಕತ್ತಾಳ ನೋಡು.” ಅವನು ಬೆಳಗಿನ ನಾಲ್ಕಕ್ಕೆ ಹೊರಟು ಐದು ತಾಸು ವ್ಯಾನ್ ಓಡಿಸಿದ್ದ. ಈಗ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು, ಜಗಳ ಮುಗಿಯುವ ತನಕ ತಿನ್ನಬಾರದೆಂದೋ ಏನೋ, ಅದರ ಮುಚ್ಚಳ ತೆಗೆಯುತ್ತಿದ್ದ, ಮುಚ್ಚುತ್ತಿದ್ದ.

ಬರುತ್ತಿದ್ದ ಮುದುಕಿ ಡೊಲೋರೆಸ್ ಕೊವಾಲ್ಸ್ಕಿ. ಎಂಬತ್ತೆರಡು ವರ್ಷ. ಕಾಲಿಗೆ ಟೆನಿಸ್ ಚೆಂಡು ಸಿಕ್ಕಿಸಿದ ವಾಕರ್ ತಳ್ಳಿಕೊಂಡು ಬಂದರೆ ಈ ಹಾಲ್‌ನಲ್ಲಿ ಎಲ್ಲರೂ ದಾರಿ ಬಿಡುತ್ತಾರೆ. ಏಕೆಂದರೆ ‘ಪೆನ್ನಿ ಪೇಪರ್’ ಅವಳದು. ಸಿಸೆರೋದ ತನ್ನ ಅಡಿಗೆಮನೆಯಿಂದ ನಲವತ್ತೊಂದು ವರ್ಷಗಳಿಂದ ಹೊರಡಿಸುವ ಎಂಟು ಪುಟದ ಹಳದಿ ಪತ್ರಿಕೆ. ಅದರಲ್ಲಿ ಸುದ್ದಿಯಿಲ್ಲ, ಲೇಖನವಿಲ್ಲ. ಮಾರಾಟಕ್ಕಿದೆ, ಬೇಕಾಗಿದೆ, ಅದಲುಬದಲಿಗಿದೆ, ಅಷ್ಟೆ. ಇಂಟರ್ನೆಟ್ಟಿನಲ್ಲಿ ಏನು ಬೇಕಾದರೂ ಮಾರುವವರೂ ದೊಡ್ಡ ವ್ಯಾಪಾರಕ್ಕೆ ಮಾತ್ರ ಇದರಲ್ಲಿ ನಾಲ್ಕು ಸಾಲು ಹಾಕಿಸುತ್ತಾರೆ. ಇದರಲ್ಲಿ ಸುಳ್ಳು ಹೇಳಿದವನ ಹೆಸರನ್ನು ಡೊಲೋರೆಸ್ ಮತ್ತೆಂದೂ ಅಚ್ಚು ಮಾಡುವುದಿಲ್ಲ. ಅವಳು ಅಚ್ಚು ಮಾಡದವನ ಜೊತೆ ಯಾರೂ ವ್ಯಾಪಾರ ಮಾಡುವುದಿಲ್ಲ.

ಆದರೆ ಕೊನೆಯ ಪುಟದ ಕೆಳಗೆ ದಪ್ಪ ಕಪ್ಪು ಗೆರೆಯ ಒಂದು ಚೌಕವಿರುತ್ತದೆ. ‘ಬಾಕ್ಸ್’ ಎನ್ನುತ್ತಾರೆ. ಅದರೊಳಗೆ ಬರೀ ತಮಾಷೆಯ ಜಾಹೀರಾತು. ಯಾರನ್ನು ಬೇಕಾದರೂ ಲೇವಡಿ ಮಾಡಬಹುದು, ಮಾಡಿಸಿಕೊಂಡವನು ಮುಂದಿನ ತಿಂಗಳು ತಿರುಗಿಸಿ ಬರೆಯಬಹುದು, ಮುನಿಸಿಕೊಳ್ಳುವಂತಿಲ್ಲ. ಇನ್ನೊಂದು ಪದ್ಧತಿಯೂ ಇದೆ, ನಲವತ್ತೊಂದು ವರ್ಷದಲ್ಲಿ ಎರಡೇ ಸಲ ಬಳಕೆಯಾದದ್ದು. ಒಬ್ಬನ ಜಾಹೀರಾತು ಸುಳ್ಳೆಂದು ಸಿಕ್ಕಿಬಿದ್ದರೆ, ಅದರಿಂದ ನೊಂದವನು ಒಪ್ಪಿ ಸಹಿ ಮಾಡಿದರೆ, ‘ಅದು ನಾವಿಬ್ಬರೂ ಕೂಡಿ ಮಾಡಿದ ತಮಾಷೆ, ಜಾಗ ತಪ್ಪಿ ಬಾಕ್ಸಿನ ಹೊರಗೆ ಅಚ್ಚಾಯಿತು’ ಎಂದು ಡೊಲೋರೆಸ್ ಮರುತಿಂಗಳು ಹಾಕುತ್ತಾಳೆ. ಎಲ್ಲರೂ ನಗುತ್ತಾರೆ. ಯಾರೂ ಹೊರಗೆ ಬೀಳುವುದಿಲ್ಲ. ಇದಕ್ಕೆ ಬಾಕ್ಸಿಗೆ ಇಳಿಸುವುದು ಎನ್ನುತ್ತಾರೆ.

ಬಾಕ್ಸಿನ ಜಗಳ ಮೊದಲು ತೆಗೆದವಳು ಗುರುದೇವಿಯೇ. ಮೂರು ವರ್ಷದ ಹಿಂದೆ, ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಹುಟ್ಟಿ ಬೆಳೆದ ಈ ಹುಡುಗ ಕನ್ಸಲ್ಟಿಂಗ್ ಕೆಲಸ ಬಿಟ್ಟು ಅಂಗಡಿ ತೆರೆದು, ಅವಳು ಮಾಡಿಕೊಟ್ಟ ಬಾಗಿಲನ್ನು ತಲೆಕೆಳಗಾಗಿ ಕೂರಿಸಿ, ಕೂರುತ್ತಿಲ್ಲವೆಂದು ವಾಪಸು ಕಳಿಸಿದ್ದ. ಅವಳು ಬರೆದಳು: ‘ಬೇಕಾಗಿದ್ದಾರೆ: ಸ್ಕ್ರೂಡ್ರೈವರನ್ನು ಯಾವ ತುದಿಯಿಂದ ಹಿಡಿಯಬೇಕೆಂದು ತೋರಿಸಿಕೊಡುವವರು. ಸಂಬಳ ಉಂಟು. ಸಂಪರ್ಕಿಸಿ: ಕೇಶವ್, ನೇಪರ್‌ವಿಲ್.’ ಮುಂದಿನ ಮೇಳದಲ್ಲಿ ಅವನ ಮೇಜಿನ ಮೇಲೆ ಹದಿನಾಲ್ಕು ಸ್ಕ್ರೂಡ್ರೈವರುಗಳನ್ನು ಯಾರು ಯಾರೋ ಇಟ್ಟು ಹೋಗಿದ್ದರು. ಅವನೂ ನಕ್ಕ. ನಗಲೇಬೇಕಿತ್ತು. ಮರುತಿಂಗಳು ಅವನು ಬರೆದ: ‘ಉಚಿತ: ಆಂಟಿಯ ಉಪದೇಶ. ಎಷ್ಟು ಬೇಕಾದರೂ ಒಯ್ಯಿರಿ, ವಾಪಸು ತೆಗೆದುಕೊಳ್ಳುವುದಿಲ್ಲ.’ ಅವಳು ಬರೆದಳು. ಅವನು ಬರೆದ. ಓದುವವರಿಗೆ ಹಬ್ಬ. ಈ ಫೆಬ್ರವರಿಯಲ್ಲಿ ಅವನು ಬರೆದದ್ದು ಹೀಗಿತ್ತು: ‘ಮಾರಾಟಕ್ಕಿದೆ: ನೂರಿಪ್ಪತ್ತು ವರ್ಷ ಹಳೆಯ ಯಂತ್ರ, ಕಳೆದ ಮಂಗಳವಾರ ನಾರ್ತ್‌ವಿಲ್‌ನ ಗ್ಯಾರೇಜಿನಲ್ಲಿ ಹುಟ್ಟಿದ್ದು. ಇನ್ನೂ ಬಿಸಿಯಿದೆ, ಕೈಗವಸು ತನ್ನಿ. ಹೆಸರನ್ನು ನೀವೇ ಉಜ್ಜಿಕೊಳ್ಳಿ.’

ಗ್ಯಾರೇಜಿನಲ್ಲಿ ಕಬ್ಬಿಣ ಕರಗುವುದಿಲ್ಲ ಎಂಬುದೂ ತಿಳಿಯದ ಹುಂಬ ಎಂದು ಅವಳು ಮೊದಲು ಬೈದಳು. ಆಮೇಲೆ ಫೋನ್ ಬರತೊಡಗಿದವು. ಹತ್ತು ವರ್ಷದ ಗಿರಾಕಿ ಮಿಲ್ವಾಕಿಯಿಂದ ಮೆಲ್ಲಗೆ ಕೇಳಿದ, “ನಿಜವಾಗಲೂ ಹೆಸರು ಹಾಕುತ್ತೀರಲ್ಲವೇ, ಎಲ್ಲದಕ್ಕೂ?” ಒಬ್ಬ ಎರಡು ಬಾಗಿಲು ಹಿಂದಕ್ಕೆ ಕಳಿಸಿದ. ಮಾರ್ಚಿನಲ್ಲಿ ಶಿಕಾಗೋ ಕಡೆಯಿಂದ ಒಂದೇ ಒಂದು ಆರ್ಡರು ಬರಲಿಲ್ಲ. ಅದೇ ಮಾರ್ಚಿನ ಸಂಚಿಕೆಯಲ್ಲಿ, ಬಾಕ್ಸಿನ ಹೊರಗೆ, ಎರಡನೇ ಪುಟದಲ್ಲಿ ಫೋಟೋ ಸಮೇತ: ‘ಪೀಕಾಕ್. ಸಂಪೂರ್ಣ ಅಸಲಿ. ಕೇಶವ್, ನೇಪರ್‌ವಿಲ್.’ ಆಗ ಅವಳಿಗೆ ತಿಳಿಯಿತು. ಅವಳ ಮಾಲನ್ನು ಅಸಲಿಯೆಂದು ಮಾರುವ ಮುನ್ನ ಅವಳನ್ನೇ ನಗೆಪಾಟಲು ಮಾಡಿ ಇಟ್ಟಿದ್ದ. ಇನ್ನು ಅವಳು ಕೂಗಿದರೂ, ತಮಾಷೆ ತಾಳಲಾರದ ಮುದುಕಿ ಎಂದಾರು.

“ಏನು ಗಲಾಟೆ?” ಎಂದಳು ಡೊಲೋರೆಸ್ ಇಂಗ್ಲಿಷಿನಲ್ಲಿ. “ನನ್ನ ಮೇಜಿನ ತನಕ ಕೇಳಿಸುತ್ತಿದೆ. ಯಾವ ಭಾಷೆಯಲ್ಲಿ ಅಂತ ಗೊತ್ತಾಗಲಿಲ್ಲ, ಬೈಗುಳ ಅಂತ ಗೊತ್ತಾಯಿತು.”

ಗುರುದೇವಿ ಇಂಗ್ಲಿಷಿನಲ್ಲಿ ಎಲ್ಲವನ್ನೂ ಮತ್ತೆ ಹೇಳಿದಳು. ಇಂಗ್ಲಿಷಿನಲ್ಲಿ ಅವಳು ಹೆಚ್ಚು ಸೌಮ್ಯಳಾಗಿ ಕೇಳುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು, ಸಿಟ್ಟು ಬರುತ್ತಿತ್ತು.

ಡೊಲೋರೆಸ್ ಕೇಶವ್‌ನತ್ತ ತಿರುಗಿದಳು. “ನಿನ್ನ ಜಾಹೀರಾತು ನಿಜವೋ?”

“ಪ್ರತಿ ಅಕ್ಷರ.”

“ಹೊರಮೈ?” ಎಂದು ಗುರುದೇವಿ ನಡುವೆ ಬಾಯಿ ಹಾಕಿದಳು.

“1904.”

“ಬಾಗಿಲು? ದುಡ್ಡಿನ ಡಬ್ಬಿ? ಮುಚ್ಚಳ?”

“ಎಲ್ಲ. ಬಾಡಿ, ಡೋರ್, ಕ್ಯಾಶ್ ಬಾಕ್ಸ್, ಮುಚ್ಚಳ, ಎಲ್ಲಾ ಒಂದೇ ಕಾಲದ್ದು, ಒಂದೇ ಫೌಂಡ್ರಿದು. ಸಾಕಾ? ಬೇಕಾದ್ರೆ ನಾನೇ ಓಪನ್ ಮಾಡ್ತೀನಿ.” ಅವನು ಕೈ ಚಾಚಿದ. “ಕೊಡಿ ಸ್ಕ್ರೂಡ್ರೈವರ್. ಯಾವ ತುದಿ ಹಿಡೀಬೇಕು ಅಂತ ಈಗ ಕಲ್ತಿದೀನಿ.”

ಇದನ್ನೂ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದ. ಡೊಲೋರೆಸ್ ಕೂಡ ನಕ್ಕಳು. ಗುರುದೇವಿ ಕೊಟ್ಟಳು.

ಅವನು ನಿಧಾನವಾಗಿ, ಒಂದೊಂದೇ ಸ್ಕ್ರೂ ತೆಗೆದು, ಸಾಲಾಗಿ ಮೇಜಿನ ಮೇಲಿಟ್ಟ. ಹಿಂಬಾಗಿಲನ್ನು ಬಿಚ್ಚಿ ಪಕ್ಕಕ್ಕಿಟ್ಟ. ಫೋನಿನ ಬೆಳಕು ಹಾಕಿದ. ಹಲ್ಲುಚಕ್ರಗಳ ಕೆಳಗೆ ಕಬ್ಬಿಣದ ತಳ ಕಂಡಿತು. ಕಂದು ಬಣ್ಣದ ತುಕ್ಕು ಒಂದೇ ಸಮನೆ ಹರಡಿತ್ತು. ಹೆಸರಿಲ್ಲ. ಚುಕ್ಕಿಯಿಲ್ಲ.

ಗುರುದೇವಿ ಬಗ್ಗಿ ಬೆರಳಾಡಿಸಿದಳು. ಒಂದು ಕಡೆ, ಅಂಗೈ ಅಗಲ, ತಳ ಉಳಿದ ಕಡೆಗಿಂತ ನುಣುಪಾಗಿತ್ತು. ತುಕ್ಕು ಆಮ್ಲ ಹಚ್ಚಿ ಬರಿಸಿದ್ದು. ಅವಳಿಗೆ ಗೊತ್ತಾಯಿತು, ಆದರೆ ಬೆರಳಿಗೆ ಗೊತ್ತಾದದ್ದನ್ನು ಗುಂಪಿಗೆ ತೋರಿಸುವುದು ಹೇಗೆ.

“ಇಲ್ಲಿ ಉಜ್ಜೀದಿ.”

“ಅದು ವೇರ್ ಅಂಡ್ ಟೇರ್ ಆಂಟಿ. ನೂರಿಪ್ಪತ್ತು ವರ್ಷ ನಾಣ್ಯ ಬಿದ್ದಿದೆ ಅಲ್ಲಿ.” ಮತ್ತೆ ಇಂಗ್ಲಿಷಿನಲ್ಲಿ, ಗುಂಪಿಗೆ: “ಆಂಟಿ ಇದನ್ನ ತಮ್ಮ ಅಡಿಗೆಮನೆ ಪಾತ್ರೆ ಅಂದುಕೊಂಡಿದ್ದಾರೆ. ನಮ್ಮಲ್ಲಿ ಅಮ್ಮಂದಿರು ಎಲ್ಲ ಸ್ಪೂನಿಗೂ ಹೆಸರು ಹಾಕಿಸ್ತಾರೆ. ನಮ್ಮಮ್ಮನೂ ಅಷ್ಟೆ. ಒಂದು ಸ್ಪೂನ್ ಕಳೆದರೆ ಪೊಲೀಸರಿಗೆ ಫೋನ್ ಮಾಡೋ ಜನ.”

ಈ ಸಲ ಹಾಲ್‌ನ ಆ ತುದಿಯವರೂ ತಿರುಗಿ ನೋಡುವಷ್ಟು ನಗು. ಡಾಕ್ಟರ್ ಸುರೇಶ್ ನಗಲಿಲ್ಲ, ಆದರೆ ಚೆಕ್‌ಬುಕ್ಕನ್ನು ಯಂತ್ರದ ತಲೆಯ ಮೇಲಿಟ್ಟು ಸರಿ ಮಾಡಿಕೊಂಡ. “ಅಕ್ಕಾರ, ಬಿಟ್ಟುಬಿಡ್ರಿ,” ಎಂದ, ಬಾಗಲಕೋಟೆಯ ದನಿಯಲ್ಲಿ. “ಒಂದೊಂದ್ಸಲ ಎಲ್ಲಾರಿಗೂ ಹಂಗ ಅನಸ್ತದ.”

“ಅನಿಸಿದ್ದಲ್ಲ ಡಾಕ್ಟರ. ಇನ್ನೊಂದ ನಿಮಿಷ ಚೆಕ್ ಬರೀಬ್ಯಾಡ್ರಿ.” ಅವಳು ಕೇಶವ್‌ನನ್ನು ನೋಡಿದಳು. “ಸ್ಪೂನಿಗೆ ಹೆಸರು ಹಾಕಸ್ತಾಳೇನು ನಿಮ್ಮವ್ವ?”

“ಹೌದು.”

“ಡಬ್ಬಿಗೆ?”

“ಡಬ್ಬಿಗೂ.”

“ಡಬ್ಬಿ ಮುಚ್ಚಳಕ್ಕ?”

ಕೇಶವ್ ಅದನ್ನು ಯಾವತ್ತೂ ನೋಡಿರಲಿಲ್ಲ. ಮುಚ್ಚಳವನ್ನು ತಿರುಗಿಸಿ ಯಾರು ನೋಡುತ್ತಾರೆ?

ಗುರುದೇವಿ ಯಂತ್ರದೊಳಗೆ ಕೈ ಹಾಕಿ ನಾಣ್ಯ ಬೀಳುವ ಕಬ್ಬಿಣದ ಡಬ್ಬಿಯನ್ನು ಎಳೆದಳು. ಅದರ ಮುಚ್ಚಳ ತೆಗೆದು ಬೋರಲು ಹಾಕಿದಳು. ಒಳಮೈಗೆ ಹಸಿರು ಬಟ್ಟೆ ಅಂಟಿಸಿತ್ತು, ನಾಣ್ಯದ ಸದ್ದು ಕೇಳಿಸದಿರಲೆಂದು. ಟೊಲೀಡೋದ ರಾಲ್ಫ್ ಬೇಕೆಂದು ಹಟ ಹಿಡಿದು ಅಂಟಿಸಿಕೊಂಡದ್ದು. ಅವಳು ಉಗುರನ್ನು ಅಂಚಿಗೆ ಹಾಕಿದಳು.

“ಡ್ಯಾಮೇಜ್ ಮಾಡ್ತಿದೀರ!” ಕೇಶವ್ ಅವಳ ಮಣಿಕಟ್ಟು ಹಿಡಿದ.

“ಬಿಡೋ.” ಇದು ಶರಣಪ್ಪ. ಹೋಳಿಗೆಯ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದಿದ್ದ. “ಹೆಣಮಗಳ ಕೈ ಹಿಡೀತಿ? ಬಿಡು.”

ಬಿಟ್ಟ. ಬಟ್ಟೆ ಚರ್ರೆಂದು ಕಿತ್ತು ಬಂತು. ಒಣಗಿದ ಅಂಟಿನ ಪುಡಿ ಮೇಜಿನ ಮೇಲೆ ಉದುರಿತು. ಅದರ ಕೆಳಗೆ, ಕಬ್ಬಿಣದಲ್ಲಿ, ಸಣ್ಣ ಸಣ್ಣ ಚುಕ್ಕಿಗಳ ಎರಡು ಸಾಲು.

“ಡಾಕ್ಟರ, ಓದ್ರಿ,” ಎಂದು ಅವಳು ಮುಚ್ಚಳವನ್ನು ಅವನ ಕೈಗೆ ಕೊಟ್ಟಳು. “ಗಟ್ಟಿಯಾಗಿ ಓದ್ರಿ.”

ಡಾಕ್ಟರ್ ಸುರೇಶ್ ಕನ್ನಡಕ ಹಣೆಯ ಮೇಲಿಂದ ಇಳಿಸಿದ. ಕನ್ನಡ ಓದಿ ಬಹಳ ದಿನವಾದವನ ಹಾಗೆ ಬೆರಳಿಟ್ಟು ಓದಿದ. “ಗು… ರು… ದೇವಿ. ಶ. ಬೆಟಗೇರಿ.” ಎರಡನೇ ಸಾಲು. “ಎರಡು, ಸೊನ್ನಿ, ಒಂದು… ಒಂಬತ್ತು. ಎರಡು ಸಾವಿರದ ಹತ್ತೊಂಬತ್ತು.” ಮತ್ತೆ ಓದಿದ, ಈ ಸಲ ಬೆರಳಿಲ್ಲದೆ. “ನಮ್ಮವ್ವನ ತಂಬಿಗಿ ಇದ್ದಂಗ ಐತಲ್ರೀ ಇದು.”

“ಐ ಕಾಂಟ್ ಈವನ್ ರೀಡ್ ದಟ್,” ಎಂದ ಕೇಶವ್. “ಏನ್ ಬೇಕಾದ್ರೂ ಇರಬಹುದು. ಡಿಸೈನ್ ಇರಬಹುದು.”

“ಡಿಸೈನ್ ಅಲ್ಲಪ್ಪಾ. ಅಕ್ಕಾರ ಹೆಸರದು,” ಎಂದ ಡಾಕ್ಟರ್, ಹೆಸರನ್ನೂ ಇಸವಿಯನ್ನೂ ಡೊಲೋರೆಸ್‌ಗೆ ಇಂಗ್ಲಿಷಿನಲ್ಲಿ ಓದಿ ಹೇಳಿದ.

“ನಮ್ಮ ಓಣ್ಯಾಗ ಮದವಿ ಇದ್ರ ಎಲ್ಲಾರ ಮನಿ ಪಾತ್ರಿ ಒಂದ ಕಡೆ ಸೇರತಿದ್ವು,” ಎಂದಳು ಗುರುದೇವಿ. ಕೇಶವ್‌ಗೆ ಹೇಳಿದಳೋ ಡಾಕ್ಟರಿಗೋ ತಿಳಿಯುವಂತಿರಲಿಲ್ಲ. “ಪಾತ್ರಿ ತಿರಗಿ ಬರತಿದ್ವು, ಮುಚ್ಚಳ ಬರತಿದ್ದಿಲ್ಲ. ನಮ್ಮವ್ವ ಹೇಳಾಕಿ, ಪಾತ್ರಿ ಕದ್ದಾಂವ ತಳಾ ಉಜ್ಜತಾನ, ಮುಚ್ಚಳ ನೋಡೂದಿಲ್ಲ, ಮುಚ್ಚಳಕ್ಕೂ ಹಾಕಸು ಅಂತ. ನಾ ಹತ್ತೊಂಬತ್ತು ವರ್ಷ ಎಲ್ಲಾದಕ್ಕೂ ಎರಡ ಕಡೆ ಹಾಕೇನಿ. ನೀ ಒಂದ ಕಡೆ ಉಜ್ಜೀದಿ.”

ಡಾಕ್ಟರ್ ಸುರೇಶ್ ತಾರೀಖು ಮಾತ್ರ ಬರೆದಿದ್ದ ಚೆಕ್ಕನ್ನು ಹರಿದು ಎರಡು ಮಾಡಿ, ನಾಲ್ಕು ಮಾಡಿ, ಕಸದ ಬುಟ್ಟಿ ಕಾಣದೆ ಜೇಬಿಗೆ ಹಾಕಿಕೊಂಡ. ಮುಚ್ಚಳವನ್ನು ಮಾತ್ರ ಎರಡೂ ಕೈಯಿಂದ ಗುರುದೇವಿಗೆ ಹಿಂದಿರುಗಿಸಿದ. “ಛಲೋ ಕೆಲಸ ಅಕ್ಕಾರ,” ಎಂದು ಹೇಳಿ, ಕೇಶವ್‌ನ ಮುಖ ನೋಡದೆ ಹೊರಟ.

ಗುಂಪಿನಲ್ಲಿ ಈಗ ಯಾರೂ ನಗಲಿಲ್ಲ. ನಗುವುದಕ್ಕೆ ಕಾಯುತ್ತಿದ್ದರು. ಯಾರ ಮೇಲೆ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಡೊಲೋರೆಸ್ ವಾಕರ್ ತಿರುಗಿಸಿದಳು. “ಇಬ್ಬರೂ ನನ್ನ ಮೇಜಿಗೆ ಬನ್ನಿ.”

ಬಾಗಿಲ ಹತ್ತಿರದ ಆ ಮೇಜಿನ ಮೇಲೆ ಹಳದಿ ಕಾಗದದ ಕಟ್ಟುಗಳು, ಒಂದು ಟೈಪ್‌ರೈಟರ್, ಕಾಫಿಯ ಉಂಗುರ ಬಿದ್ದ ಮೇ ಸಂಚಿಕೆಯ ಕರಡು. ಶನಿವಾರ ಮಧ್ಯಾಹ್ನ ಕರಡು ಮುಗಿಸಿ ಸೋಮವಾರ ಅಚ್ಚಿಗೆ ಕೊಡುವುದು ಅವಳ ಕ್ರಮ. ಕೊನೆಯ ಪುಟದ ಬಾಕ್ಸ್ ಇನ್ನೂ ಖಾಲಿಯಿತ್ತು. ಡೊಲೋರೆಸ್ ಡ್ರಾಯರಿನಿಂದ ಒಂದು ಹಾಳೆ ತೆಗೆದಳು. ಮೂರನೇ ಸಲ ತೆಗೆಯುತ್ತಿರುವುದು, ಅಂಚು ಕಂದಿತ್ತು.

“ನಿಯಮ ಗೊತ್ತಿದೆ,” ಎಂದಳು. “ಒಂದೋ ಕೇಶವ್ ಹೊರಗೆ. ಮೇ ಸಂಚಿಕೆಯಲ್ಲೇ ಅದನ್ನು ಅಚ್ಚು ಮಾಡುತ್ತೇನೆ, ಯಾಕೆಂದೂ ಸೇರಿಸಿ. ಇಲ್ಲವೋ ಬಾಕ್ಸಿಗೆ ಇಳಿಸಬಹುದು. ಗುರುದೇವಿ ಸಹಿ ಮಾಡಿದರೆ. ನಾನು ಒತ್ತಾಯ ಮಾಡುವುದಿಲ್ಲ. ಆದರೆ ಗುರುದೇವಿ, ಮೊದಲ ಕಲ್ಲು ಹೊಡೆದದ್ದು ನೀನು ಅನ್ನೋದು ನನಗೆ ನೆನಪಿದೆ. ಹದಿನಾಲ್ಕು ಸ್ಕ್ರೂಡ್ರೈವರ್. ಒಂದು ನಾನೇ ಇಟ್ಟಿದ್ದೆ.”

ಕೇಶವ್ ಕುರ್ಚಿ ಎಳೆದು ಗುರುದೇವಿಗೆ ಕೊಟ್ಟ. ಅವಳು ಕೂರಲಿಲ್ಲ. ಅವನು ನಿಂತೇ ಮಾತಾಡಬೇಕಾಯಿತು. ದನಿ ಬದಲಾಗಿತ್ತು, ಮನೆಯೊಳಗಿನ ದನಿ.

“ಆಂಟಿ, ನಾನು ಸಾರಿ ಹೇಳಿದೀನಲ್ಲ.”

“ಯಾವಾಗ?”

“ಈಗ. ಇದೇ.”

“ಕೇಳಸಲಿಲ್ಲ.”

“ಐ ಆಮ್ ಸಾರಿ. ಓಕೆ? ಆ ಸ್ಕ್ರೂಡ್ರೈವರ್ ಜೋಕ್ ಆದ್ಮೇಲೆ ಒಂದು ವರ್ಷ ನನ್ನನ್ನ ಯಾರೂ ಕೇಶವ್ ಅಂತ ಕರೀಲಿಲ್ಲ, ಗೊತ್ತಾ? ‘ಹೇ ಸ್ಕ್ರೂಡ್ರೈವರ್’ ಅಂತಿದ್ರು. ನನ್ನ ಮಗಳ ಬರ್ತ್‌ಡೇ ಕೇಕ್ ಮೇಲೂ ಒಬ್ಬ ಸ್ಕ್ರೂಡ್ರೈವರ್ ಇಟ್ಟ. ನೀವು ನಕ್ಕಿದ್ರಿ. ಫೋಟೋ ಇದೆ ನನ್ನ ಹತ್ರ.”

“ನಕ್ಕೇನಿ. ಹೌದು. ಅದು ಬಾಕ್ಸಿನ್ಯಾಗಿತ್ತು.”

“ಸೋ ವಾಟ್?”

“ಬಾಕ್ಸಿನ್ಯಾಗ ನಾ ನಿನ್ನ ಹೆಸರ ಹಿಡಿದು ನಕ್ಕೆ. ನೀ ನನ್ನ ಹೆಸರ ಉಜ್ಜಿ ಮಾರಾಕ ಹೊಂಟಿದ್ದಿ. ಇದರಾಗ ಏನ ಸಮ ಐತಿ ಹೇಳು.”

ಅವನು ಎರಡೂ ಅಂಗೈಯನ್ನು ಮೇಜಿನ ಮೇಲಿಟ್ಟ, ಯಂತ್ರದ ಬಾಗಿಲ ಮೇಲೆ ಊರಿದ್ದ ಹಾಗೆಯೇ.

“ಕೇಳಿ. ನಾನು ಹೊರಗೆ ಬಿದ್ರೆ ಅಂಗಡಿ ಮುಚ್ಚಬೇಕು. ಜಾಬ್‌ಗೆ ವಾಪಸ್ ಹೋಗಬೇಕು. ಅದು ನಿಮಗೆ ಖುಷಿ ಅನ್ಕೋತೀನಿ, ಫೈನ್. ಆದ್ರೆ ನಿಮ್ಮದೂ ನೋಡಿ. ಶಿಕಾಗೋ ಕಡೆ ಹುಡುಗರೆಲ್ಲ ನನ್ನ ಫ್ರೆಂಡ್ಸ್. ನಾನು ಹೋದ್ರೆ ಅವರು ನಿಮ್ಮ ಹತ್ರ ಬರ್ತಾರಾ? ಬರಲ್ಲ. ಸಹಿ ಮಾಡಿ. ಎರಡು ವರ್ಷ ನಮ್ಮೆಲ್ಲರ ಕಾಸ್ಟಿಂಗ್, ಎರಕದ ಕೆಲಸ, ನಿಮಗೇ. ಎಲ್ಲಾ. ಬರ್ದು ಕೊಡ್ತೀನಿ. ಪೆನ್ನಿ ಪೇಪರ್‌ನಲ್ಲಿ ಒಂದು ವರ್ಷ ಫುಲ್ ಪೇಜ್ ಆಡ್, ನಿಮ್ಮ ಹೆಸರಲ್ಲಿ, ನನ್ನ ಖರ್ಚು. ಪೀಕಾಕ್ ಕೂಡ ನಿಮಗೇ. ತಗೊಂಡು ಹೋಗಿ ಇವತ್ತೇ.”

ಶರಣಪ್ಪ ಹೆಂಡತಿಯ ಕಿವಿಯ ಹತ್ತಿರ ಬಂದ. ಪಿಸುಗುಟ್ಟುವುದು ಅವನಿಗೆ ಬರುತ್ತಿರಲಿಲ್ಲ, ಮೇಜಿನ ಸುತ್ತಲಿದ್ದ ಕನ್ನಡದವರಿಗೆಲ್ಲ ಕೇಳಿಸಿತು, ಹಾಗೆಂದರೆ ಕೇಶವ್‌ಗೆ.

“ನೋಡ, ಫೌಂಡ್ರಿಯಾಂವ ಹೋದ ವಾರ ಏನಂದ? ಒಂದ ಹೊಯ್ತಕ್ಕ ಅರವತ್ತ ಕಾಸ್ಟಿಂಗ್ ಆದ್ರ ಒಲಿ ಹಚ್ಚತೇನಿ, ಇಲ್ಲಂದ್ರ ಇಲ್ಲ ಅಂದ. ನಮ್ಮ ಕಡೆ ಈಗ ಎಷ್ಟದಾವ? ಒಂಬತ್ತು. ಇವ್ರ ಆರ್ಡರ್ ಬರದಿದ್ರ ನಿನ್ನ ಮಾದರಿ ಎಲ್ಲಾ ಗ್ಯಾರೇಜಿನ್ಯಾಗ ಗೆದ್ದಲಿಗೆ. ಸಹಿ ಅಲಾ? ಹೊಡದ ಒಗಿ. ಮನಿಗೆ ಹೋಗೂಣು. ಹೋಳಿಗಿ ಒಣಗಾಕತ್ತಾವ.”

ಅದು ನಿಜ. ಗುರುದೇವಿ ತನ್ನ ಗ್ಯಾರೇಜನ್ನು ಕಂಡಳು. ಗೋಡೆಗೆ ತೂಗುಹಾಕಿದ ಮರದ ಬಾಗಿಲುಗಳು, ಮರದ ಕಾಲುಗಳು, ಮರದ ನವಿಲು. ಮರದ ನವಿಲಿನ ಮೂರನೇ ಗರಿಯಲ್ಲಿ ಹಳ್ಳವಿಲ್ಲ. ಹಳ್ಳ ಬಿದ್ದದ್ದು ಫೌಂಡ್ರಿಯಲ್ಲಿ, ಕಬ್ಬಿಣ ಸುರಿಯುವ ಆ ನಲವತ್ತು ಸೆಕೆಂಡಿನಲ್ಲಿ. ಅಲ್ಲಿ ಅವಳು ಪ್ರತಿಸಲ ಉಸಿರು ಹಿಡಿದು ನಿಲ್ಲುತ್ತಿದ್ದಳು, ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಒಮ್ಮೆಯೂ ನಿಂತಿರದ ಹಾಗೆ. ಒಲೆ ಹಚ್ಚದಿದ್ದರೆ ಅದಿಲ್ಲ. ಅದಿಲ್ಲದ ಬೆಳಗುಗಳಲ್ಲಿ ಏನು ಮಾಡುತ್ತಾರೋ ಅವಳಿಗೆ ಗೊತ್ತಿರಲಿಲ್ಲ.

ಡೊಲೋರೆಸ್ ಹಾಳೆಯನ್ನು ಅವಳ ಕಡೆ ತಿರುಗಿಸಿದಳು. ಟೈಪಾದ ಮೂರು ಸಾಲು, ಹೆಸರು ತುಂಬಲು ಖಾಲಿ ಜಾಗ. ‘ಮಾರ್ಚ್ ಸಂಚಿಕೆಯ ಜಾಹೀರಾತು ನಾವಿಬ್ಬರೂ ಸೇರಿ ಮಾಡಿದ ತಮಾಷೆ. ಜಾಗ ತಪ್ಪಿ ಅಚ್ಚಾಯಿತು. ನಕ್ಕವರಿಗೆ ವಂದನೆ.’

ಗುರುದೇವಿ ಅದನ್ನು ಓದಿದಳು. “ನಾವಿಬ್ಬರೂ ಅಂದ್ರ,” ಎಂದಳು, “ನಾನೂ ಕೂಡಿ ಉಜ್ಜಿದೆ ಅಂತ.”

“ಅದು ಬರೀ ಫಾರ್ಮ್ಯಾಲಿಟಿ ಆಂಟಿ. ಎಲ್ಲರಿಗೂ ನಿಜ ಏನಂತ ಗೊತ್ತಿರತ್ತೆ.”

“ಫೆಬ್ರವರಿದೂ ಹಂಗ ಅಂದಿದ್ರು. ಬರೇ ಜೋಕು, ಎಲ್ಲಾರಿಗೂ ನಿಜ ಗೊತ್ತೈತಿ ಅಂತ. ಮಿಲ್ವಾಕಿಯಾಂವ ಫೋನ್ ಮಾಡಿ ಕೇಳಿದ.”

“ಮಿಲ್ವಾಕಿಯವರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಈಗ್ಲೇ. ಸ್ಪೀಕರ್ ಹಾಕ್ತೀನಿ.” ಅವನು ಫೋನು ತೆಗೆದ, ಮತ್ತೆ ಇಟ್ಟ, ಜೇಬಿನಿಂದ ಪೆನ್ನು ತೆಗೆದ. ತೆರೆದು, ಹಿಡಿಯುವ ತುದಿಯನ್ನು ಅವಳ ಕಡೆ ಮಾಡಿ ಚಾಚಿದ. “ನಾನು ನಿಮ್ಮ ಮಗನ ವಯಸ್ಸಿನವನು ಆಂಟಿ. ಎಲ್ಲಾ ಕೊಡ್ತಾ ಇದೀನಿ. ಇನ್ನೇನು ಬೇಕು ನಿಮಗೆ? ಒಂದು ಸಹಿ. ಒಂದೇ ಕಡೆ.”

ಅವಳ ಕೈಯಲ್ಲಿ ಇನ್ನೂ ಮುಚ್ಚಳವಿತ್ತು. ಅಂಟಿನ ಪುಡಿ ಅವಳ ಬೆರಳಿಗೆ ಹತ್ತಿತ್ತು. ಡೊಲೋರೆಸ್ ಕಾಯುತ್ತಿದ್ದಳು, ಮೇ ಸಂಚಿಕೆ ಕಾಯುತ್ತಿತ್ತು, ಖಾಲಿ ಬಾಕ್ಸಿನ ದಪ್ಪ ಗೆರೆಯ ಮೇಲೆ ಕೇಶವ್‌ನ ಪೆನ್ನಿನ ನೆರಳು ಬಿದ್ದಿತ್ತು. ಶರಣಪ್ಪ ಹೋಳಿಗೆ ಡಬ್ಬಿಯ ಮುಚ್ಚಳ ತೆಗೆದ, ಈ ಸಲ ಮುಚ್ಚಲಿಲ್ಲ.

“ಒಲ್ಲೆ,” ಎಂದಳು ಗುರುದೇವಿ.